ಕಟ್ಟುವ ಮೊದಲು ಕೇಳಿ: ಗೊಬ್ಬರದ ಗೋದಾಮಿನಿಂದ ಖಾನಾವಳಿಯವರೆಗೆ

ಹುಬ್ಬಳ್ಳಿಯಲ್ಲಿ ಕೂತು ಅಂಗಡಿ, ಗೋದಾಮು, ಲಾಡ್ಜುಗಳ ನಕ್ಷೆ ಮಾಡುವುದು, ಕೆಲಸ ನಡೆಯುವಾಗ ಮೇಲ್ವಿಚಾರಣೆ ನೋಡುವುದು ನನ್ನ ಕಸುಬು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು "ಇಷ್ಟು ಜಾಗ ಇದೆ, ಕಟ್ಟಿದರೆ ಎಷ್ಟು ಖರ್ಚು?" ಎಂದು ಶುರುವಾಗಿ ಅಲ್ಲೇ ಮುಗಿಯುತ್ತವೆ. ಆ ಜಾಗದಲ್ಲಿ ಏನು ಮಾರುತ್ತೀರಿ, ಮಾಲು ಯಾವ ಬಾಗಿಲಲ್ಲಿ ಇಳಿಯುತ್ತದೆ, ಎಲ್ಲಿ ಕೂಡುತ್ತದೆ, ವರ್ಷದಲ್ಲಿ ಯಾವ ತಿಂಗಳು ಅಂಗಡಿ ಮುಚ್ಚಿದರೆ ತಡೆದುಕೊಳ್ಳಬಲ್ಲಿರಿ ಎಂಬ ಸುದ್ದಿಯೇ ಇರುವುದಿಲ್ಲ. ನನಗೆ ಮೊದಲು ಬೇಕಾಗಿರುವುದೇ ಅದು. ಅದನ್ನು ಬರೆದವರ ಪತ್ರಗಳಿಗೆ ಈ ಸಲ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಬೀಜ-ಗೊಬ್ಬರದ ಅಂಗಡಿ. ಕೆಳಗೆ ಅಂಗಡಿ, ಮೇಲೆ ನಾವಿದ್ದ ಮನೆ. ಈಗ ಹೊಸ ಮನೆಗೆ ಹೋಗುತ್ತಿದ್ದೇವೆ. ಮೇಲಿನ ಒಳಗೋಡೆಗಳನ್ನು ಒಡೆದು ಅದನ್ನೇ ಗೋದಾಮು ಮಾಡಿಕೊಂಡರೆ ಬಾಡಿಗೆ ಗೋದಾಮಿನ ದುಡ್ಡು ಉಳಿಯುತ್ತದೆ. ಸ್ಲ್ಯಾಬ್ ಗಟ್ಟಿ ಇದೆ, ಹದಿನೈದು ವರ್ಷದಲ್ಲಿ ಒಂದು ಬಿರುಕಿಲ್ಲ. ಚೀಲ ಏರಿಸಲು ಲಿಫ್ಟ್ ಬೇಕೋ, ರಾಟೆ ಸಾಕೋ?
(ಗೊಬ್ಬರದ ವ್ಯಾಪಾರಿ, ರಾಣೆಬೆನ್ನೂರು)

ಉತ್ತರ: ಲಿಫ್ಟೂ ಬೇಡ, ರಾಟೆಯೂ ಬೇಡ. ಮೇಲೆ ಗೊಬ್ಬರದ ಚೀಲ ಏರಿಸಲೇಬೇಡಿ.

ಮನೆಯ ಸ್ಲ್ಯಾಬಿಗೆ ಲೆಕ್ಕ ಹಾಕುವಾಗ ಜನ, ಮಂಚ, ಕಪಾಟು ಇವಕ್ಕೆಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೊ ಭಾರ ಹಿಡಿಯುತ್ತಾರೆ. ಐಎಸ್ 875 ಎಂಬ ಮಾನಕದ ಎರಡನೇ ಭಾಗ ಹೇಳುವ ಅಂಕಿ ಅದು. ಅಂಗಡಿಗಾದರೆ ಅದೇ ಮಾನಕ 400 ಕಿಲೊ ಹಿಡಿಯಿರಿ ಎನ್ನುತ್ತದೆ. ಸಾಮಾನು ಕೂಡಿಡುವ ಗೋದಾಮಿಗೆ ಕಡಿಮೆಯೆಂದರೂ 750. ಈಗ ನಿಮ್ಮ ಮಾಲು ನೋಡೋಣ. 50 ಕಿಲೊ ಡಿಎಪಿ ಚೀಲವನ್ನು ಮಲಗಿಸಿದರೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ ಜಾಗ ಹಿಡಿಯುತ್ತದೆ. ಹಮಾಲರು ಹತ್ತು ಚೀಲದ ಥಪ್ಪಿ ಹಾಕಿದರು ಅಂತಿಟ್ಟುಕೊಳ್ಳಿ. ಅಷ್ಟು ಸಣ್ಣ ಜಾಗದ ಮೇಲೆ 500 ಕಿಲೊ ಕೂತಿತು. ಚದರ ಮೀಟರಿಗೆ ಬಿಡಿಸಿದರೆ 1,400 ಕಿಲೊ ದಾಟುತ್ತದೆ. ನಿಮ್ಮ ಮನೆಗೆ ಹಿಡಿದಿದ್ದ ಭಾರದ ಏಳು ಪಟ್ಟು. ಗೋದಾಮಿನ ಕನಿಷ್ಠ ಅಂಕಿಯೂ ಇಲ್ಲಿ ಸಾಲುವುದಿಲ್ಲ. ಗೊಬ್ಬರ, ಸಿಮೆಂಟು, ಸಕ್ಕರೆಯಂಥ ಮಾಲಿಗೆ ಥಪ್ಪಿ ಎಷ್ಟು ಎತ್ತರ ಹಾಕುತ್ತೀರಿ ಎಂದು ಕೇಳಿಯೇ ಲೆಕ್ಕ ಮಾಡಬೇಕು.

ಹದಿನೈದು ವರ್ಷ ಬಿರುಕು ಬಿಡದ್ದು ನಿಜವಿರಬಹುದು. ಆ ಸ್ಲ್ಯಾಬ್ ಅಷ್ಟು ವರ್ಷ ಹೊತ್ತಿದ್ದು ನಿಮ್ಮ ಸಂಸಾರವನ್ನು. ಮುಂಗಾರಿನ ಮುಂಚೆ ಲಾರಿಗಟ್ಟಲೆ ಬಂದಿಳಿಯುವ ಸ್ಟಾಕನ್ನು ಅಲ್ಲ.

ಒಳಗೋಡೆ ಒಡೆಯುವ ಮಾತು ಬೇರೆ. ಕಾಲಮ್-ಬೀಮಿನ ಕಟ್ಟಡವಾಗಿದ್ದರೆ ನಾಲ್ಕೂವರೆ ಇಂಚಿನ ಗೋಡೆ ಬರೀ ಅಡ್ಡಗೋಡೆ, ತೆಗೆಯಬಹುದು. ಗೋಡೆಯ ಮೇಲೇ ಸ್ಲ್ಯಾಬ್ ಕೂತ ಕಟ್ಟಡವಾಗಿದ್ದರೆ ಒಂಬತ್ತಿಂಚಿನ ಗೋಡೆ ಮುಟ್ಟಿದರೆ ಮೇಲಿನದೆಲ್ಲ ಕೆಳಗೆ. ಯಾವುದೆಂದು ಗೌಂಡಿಯನ್ನು ಕೇಳಿ ತೀರ್ಮಾನಿಸಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಗಿಲಾವು ಕೆತ್ತಿ ನೋಡಲಿ.

ಹಾಗಾದರೆ ಮೇಲಿನ ಮಹಡಿ ಏನು ಮಾಡುವುದು? ಕಚೇರಿ, ಲೆಕ್ಕಪತ್ರ, ತರಕಾರಿ ಬೀಜದ ಪಾಕೀಟು. ನಿಮ್ಮ ರಾಣೆಬೆನ್ನೂರಿಗೆ ಬೀಜದ ವ್ಯಾಪಾರ ಹೇಳಿಕೊಡಬೇಕಿಲ್ಲ. ಹತ್ತು ಗ್ರಾಂ ಮೆಣಸಿನ ಬೀಜದ ಪಾಕೀಟಿಗೆ ಇರುವ ಬೆಲೆ ನೋಡಿದರೆ ಮೇಲಿನ ಜಾಗ ದಂಡವಾಗುವುದಿಲ್ಲ. ಆದರೆ ಬರೀ ಸ್ಲ್ಯಾಬಿನ ಕೆಳಗೆ ಏಪ್ರಿಲ್-ಮೇ ಬಿಸಿಗೆ ಬೀಜದ ಮೊಳಕೆ ಶಕ್ತಿ ಇಳಿಯುತ್ತದೆ. ಮಾಳಿಗೆಯ ಮೇಲೆ ತಗಡಿನ ನೆರಳು ಹಾಕಿಸಿ, ಒಳಗೊಂದು ಸಣ್ಣ ಕೋಣೆಗೆ ಏಸಿ ಇಡಿ.

ಗೊಬ್ಬರ ನೆಲದ ಮೇಲೇ ಇರಲಿ. ಹಿತ್ತಲಲ್ಲಿ ಜಾಗವಿದ್ದರೆ ಕಬ್ಬಿಣದ ಟ್ರಸ್ಸು, ತಗಡಿನ ಶೆಡ್ಡು ಸಾಕು. ನೆಲಕ್ಕೆ ಮಾತ್ರ ದುಡ್ಡು ಹಾಕಿ. ಗರಸು ತುಂಬಿ ರೋಲರ್ ಓಡಿಸಿ, ಮೇಲೆ ಕಲ್ಲು ಜೋಡಿಸಿ ಕಾಂಕ್ರೀಟು. ಚೀಲ ಮರದ ಪ್ಯಾಲೆಟ್ಟಿನ ಮೇಲೆ, ಗೋಡೆಯಿಂದ ಎರಡು ಅಡಿ ದೂರ. ಇದು ಬರೀ ತೇವದ ಮಾತಲ್ಲ. ನೀವು ಮಾರುವ ಪೊಟ್ಯಾಶ್ ರಾಸಾಯನಿಕವಾಗಿ ಕ್ಲೋರೈಡು, ಅದು ತೇವದೊಂದಿಗೆ ಕಾಂಕ್ರೀಟಿನೊಳಗೆ ಇಳಿದರೆ ಸರಳಿಗೆ ತುಕ್ಕು ಹಿಡಿಸುತ್ತದೆ. ಹಳೆ ಗೊಬ್ಬರದ ಅಂಗಡಿಗಳಲ್ಲಿ ಕಾಲಮ್ಮಿನ ಬುಡ ಒಂದೂವರೆ ಅಡಿ ಎತ್ತರದವರೆಗೆ ಉಬ್ಬಿ ಚಕ್ಕೆ ಏಳುವುದನ್ನು ನೀವೂ ನೋಡಿರುತ್ತೀರಿ.

ಪ್ರಶ್ನೆ: ಎರಡು ಮಹಡಿಯ ಸಣ್ಣ ಕಾಂಪ್ಲೆಕ್ಸ್, ಒಟ್ಟು 2,400 ಚದರ ಅಡಿ. ಕೆಳಗೆ ನನ್ನ ಕನ್ನಡಕದ ಅಂಗಡಿ, ಮೇಲಿನದು ಬಾಡಿಗೆಗೆ. ಒಬ್ಬ ಕಾಂಟ್ರ್ಯಾಕ್ಟರ್ ಚದರಡಿಗೆ 1,850 ಹೇಳಿದ್ದಾರೆ, ಇನ್ನೊಬ್ಬರು 2,300. ಇಬ್ಬರೂ "ಫುಲ್ ಮಟೀರಿಯಲ್" ಎನ್ನುತ್ತಾರೆ. ಅಗ್ಗದವರಿಗೆ ಕೊಡಲೇ?
(ಬಾಗಲಕೋಟೆಯಿಂದ)

ಉತ್ತರ: ಇಬ್ಬರ ರೇಟೂ ಸದ್ಯಕ್ಕೆ ನನಗೆ ಅರ್ಥವಾಗಿಲ್ಲ, ಯಾಕೆಂದರೆ ಅದರೊಳಗೆ ಏನಿದೆ ಎಂದು ಇಬ್ಬರೂ ಬರೆದುಕೊಟ್ಟಿಲ್ಲ. ನೆಲದೊಳಗಿನ ನೀರಿನ ಟ್ಯಾಂಕು, ಸೆಪ್ಟಿಕ್ ಟ್ಯಾಂಕು, ಕಾಂಪೌಂಡು, ಶಟರು, ಮುಂದಿನ ಗಾಜು, ಎಲೆಕ್ಟ್ರಿಕ್ ಪ್ಯಾನೆಲ್ ಬೋರ್ಡು, ಮೆಟ್ಟಿಲಿನ ರೇಲಿಂಗು, ಇವು ಚದರಡಿ ರೇಟಿನ ಹೊರಗೆ ಉಳಿಯುವ ವಾಡಿಕೆ. "ಪಾಯ ಐದು ಅಡಿ ದಾಟಿದರೆ ಎಕ್ಸ್‌ಟ್ರಾ" ಎಂಬ ಒಂದು ಸಾಲು ಬಾಯಿಮಾತಲ್ಲಿ ಇರುತ್ತದೆ, ಅದು ನೆನಪಾಗುವುದು ಪಾಯ ತೋಡಿದ ಮೇಲೆ. ಮುಂದಕ್ಕೆ ಚಾಚಿದ ಸಜ್ಜಾವನ್ನು ಪೂರ್ತಿ ಚದರಡಿ ಎಂದು ಎಣಿಸುತ್ತಾರೋ ಅರ್ಧವೋ, ಅದೂ ಕೇಳಿಲ್ಲ ನೀವು.

ಎಂಜಿನಿಯರ್ ಕೈಯಲ್ಲಿ ಐಟಂ ಪ್ರಕಾರ ಪ್ರಮಾಣಪಟ್ಟಿ ಮಾಡಿಸಿ. ಮಣ್ಣು ಅಗೆತ ಇಷ್ಟು ಘನ ಮೀಟರ್, ಕಾಂಕ್ರೀಟು ಇಷ್ಟು, ಸರಳು ಇಷ್ಟು ಕಿಲೊ, ಗಿಲಾವು ಇಷ್ಟು ಚದರ ಮೀಟರ್. ಒಂದೇ ಪಟ್ಟಿ ಇಬ್ಬರಿಗೂ ಕೊಟ್ಟು ಪ್ರತಿ ಐಟಂ ಎದುರಿಗೆ ರೇಟು ಬರೆಯಲು ಹೇಳಿ. ಪಟ್ಟಿ ಮಾಡಿಸುವ ಫೀಸು ದುಬಾರಿ ಅನಿಸುತ್ತದೆ, ಮೊದಲ "ಎಕ್ಸ್‌ಟ್ರಾ ಐಟಂ" ಬಿಲ್ಲು ಬಂದಾಗ ಅದು ಎಷ್ಟು ಅಗ್ಗವಿತ್ತೆಂದು ತಿಳಿಯುತ್ತದೆ.

ಕೆಲಸ ಶುರುವಾದ ಮೇಲೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಸರಳು ಕತ್ತರಿಸುವಾಗ ಉಳಿಯುವ ತುಂಡುಗಳಲ್ಲಿ ಸರಿಯಾಗಿ ಒಂದು ಮೀಟರ್ ಉದ್ದದ್ದನ್ನು ಅಳೆದು ಕತ್ತರಿಸಿಕೊಂಡು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಡಿ. 8 ಎಂಎಂ ಆದರೆ 395 ಗ್ರಾಂ, 12 ಎಂಎಂ ಆದರೆ 888, 16 ಎಂಎಂ ಆದರೆ 1,580 ಇರಬೇಕು. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಕಿಲೊದಲ್ಲಿ ಸಿಗುತ್ತದೆ, ಯಾವ ಗೌಂಡಿಯನ್ನು ಕೇಳಿದರೂ ಗೊತ್ತಿರುತ್ತದೆ. 12 ಎಂಎಂಗೆ ಮಾನಕ ಬಿಡುವ ಹೆಚ್ಚುಕಡಿಮೆ ನೂರಕ್ಕೆ ಐದು. 840 ಗ್ರಾಮಿಗಿಂತ ಕೆಳಗೆ ತೂಗಿದರೆ ಲೋಡನ್ನು ಇಳಿಸಿಕೊಳ್ಳಬೇಡಿ. ಅಗ್ಗದ ರೇಟು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಎಷ್ಟೋ ಸಲ ಆ ತಕ್ಕಡಿಯೇ ಉತ್ತರ ಹೇಳುತ್ತದೆ.

ದುಡ್ಡಿನ ಮಾತು. ವಾರಕ್ಕಿಷ್ಟು ಎಂದು ಕೊಡಬೇಡಿ, ಹಂತಕ್ಕಿಷ್ಟು ಎಂದು ಕೊಡಿ. ಅಳತೆ ಹಿಡಿದು, ಇಬ್ಬರೂ ಸಹಿ ಹಾಕಿದ ಬಿಲ್ಲಿಗೆ ಮಾತ್ರ. ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಐದು ಹಿಡಿದಿಟ್ಟು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಸರ್ಕಾರಿ ಕೆಲಸಗಳಲ್ಲಿ ಇದ್ದದ್ದೇ, ಖಾಸಗಿಯವರು ಕೇಳಲು ಸಂಕೋಚ ಪಡುತ್ತಾರೆ. ಸಂಕೋಚ ಬೇಡ. ಮಾಳಿಗೆ ಸೋರುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಮಳೆ ಬಂದಾಗಲೇ.

ಪ್ರಶ್ನೆ: ಹೊಸ ಶೋರೂಮಿನ ಸ್ಲ್ಯಾಬ್ ಆಗಿದೆ. ಈಗ ವಾಸ್ತುದವರು ಮೆಟ್ಟಿಲು ಈಶಾನ್ಯದಲ್ಲಿ ಇರಬಾರದು, ನೈಋತ್ಯಕ್ಕೆ ಹಾಕಿ ಎನ್ನುತ್ತಾರೆ. ಏನು ಮಾಡಲಿ?
(ದಾವಣಗೆರೆ)

ಉತ್ತರ: ಮೆಟ್ಟಿಲಿಗೆಂದು ಬಿಟ್ಟ ಜಾಗದ ಸುತ್ತ ಬೀಮು ಬಂದಿದೆ, ನೈಋತ್ಯದಲ್ಲಿ ಬಂದಿಲ್ಲ. ಅಲ್ಲಿ ಸ್ಲ್ಯಾಬ್ ಕೊರೆದರೆ ಸರಳು ಕತ್ತರಿಸಿದಂತೆ. ಮೆಟ್ಟಿಲು ಇದ್ದಲ್ಲೇ ಇರಲಿ. ಇನ್ನು ಮುಂದೆ ಕಟ್ಟುವವರು ವಾಸ್ತುದವರನ್ನು ಕರೆಯುವುದಾದರೆ ನಕ್ಷೆ ಕಾಗದದ ಮೇಲಿರುವಾಗ ಕರೆಯಿರಿ, ನನಗೇನೂ ತಕರಾರಿಲ್ಲ. ಅವರೂ ನಾನೂ ಒಂದೇ ಮೇಜಿನ ಮುಂದೆ ಕೂತರೆ ಬೇಗ ಮುಗಿಯುತ್ತದೆ.

ಪ್ರಶ್ನೆ: ಗದಗದ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿ. ನೆಲಮಹಡಿ, ಮೊದಲ ಮಹಡಿಯಲ್ಲಿ ವ್ಯಾಪಾರ. ಅಪ್ಪ ಕಟ್ಟಿಸುವಾಗಲೇ ಮುಂದಿನ ಆಲೋಚನೆಯಿಂದ ಮಾಳಿಗೆಯ ಮೇಲೆ ಕಾಲಮ್ಮಿನ ಸರಳು ಬಿಟ್ಟಿದ್ದಾರೆ. ಎರಡನೇ ಮಹಡಿ ಏರಿಸಿ ಮದುವೆ ಸೀರೆಗಳ ವಿಭಾಗ ಮಾಡಬೇಕು, ಕೆಳಗಿನ ಎರಡೂ ಮಹಡಿಗಳ ಇಂಟೀರಿಯರ್ ಬದಲಿಸಬೇಕು, ದೀಪಾವಳಿಗೆ ತೆರೆಯಬೇಕು. ಅಂಗಡಿ ಮುಚ್ಚುವಂತಿಲ್ಲ, ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮೇ ತಿಂಗಳಲ್ಲಿ ಶುರು ಮಾಡಿದರೆ ಆರಾಮಾಗಿ ಆಗುತ್ತದೆ ಎಂದು ಕಾಂಟ್ರ್ಯಾಕ್ಟರ್ ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
(ಬಟ್ಟೆ ವ್ಯಾಪಾರಿ, ಗದಗ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಕೇಳಬೇಕಾದ್ದೆಲ್ಲ ಬರೆದಿದ್ದೀರಿ. ಉತ್ತರ ಮಾತ್ರ ಖುಷಿಯದ್ದಲ್ಲ. ಈ ದೀಪಾವಳಿಗೆ ಕೆಳಗಿನ ಇಂಟೀರಿಯರ್ ಮಾಡಿ, ಮೇಲಿನ ಮಹಡಿ ಮುಂದಿನ ಜನವರಿಗೆ ಹಿಡಿಯಿರಿ. ಯಾಕೆಂದು ಹೇಳುತ್ತೇನೆ.

ಮೊದಲು ಆ ಸರಳು. ನಮ್ಮ ಊರುಗಳ ಯಾವ ಮಾಳಿಗೆ ಹತ್ತಿದರೂ ನಾಲ್ಕು ಮೂಲೆಗೆ ತುಕ್ಕು ಹಿಡಿದ ಸರಳು ನಿಂತಿರುತ್ತವೆ. ಮೇಲೆ ಕಟ್ಟುವ ಆಸೆ ಇತ್ತು ಎಂಬುದಕ್ಕೆ ಅವು ಸಾಕ್ಷಿ, ಪಾಯ ಅದಕ್ಕೆ ತಕ್ಕಂತೆ ಇದೆ ಎಂಬುದಕ್ಕಲ್ಲ. ಕಾಲಮ್ಮಿನ ಕೆಳಗಿನ ಫೂಟಿಂಗ್ ಎಷ್ಟು ಅಗಲ, ಎಷ್ಟು ಆಳ, ಯಾವ ಮಣ್ಣಿನ ಮೇಲೆ ಕೂತಿದೆ ಎಂದು ಮೂಲೆಯ ಒಂದು ಕಾಲಮ್ಮಿನ ಪಕ್ಕ ಅಗೆದು ನೋಡಬೇಕು. ಹಳೆ ಸ್ಟ್ರಕ್ಚರಲ್ ಡ್ರಾಯಿಂಗ್ ಅಪ್ಪನ ಕಾಲದ ಟ್ರಂಕಿನಲ್ಲಿ ಸಿಕ್ಕರೆ ಪುಣ್ಯ. ಕಾಂಕ್ರೀಟಿನ ಬಲವನ್ನು ಸುತ್ತಿಗೆಯಂಥ ಉಪಕರಣದಿಂದ ಅಂದಾಜು ಮಾಡುತ್ತಾರೆ, ಅನುಮಾನವಿದ್ದಲ್ಲಿ ಸಣ್ಣ ತುಂಡು ಕೊರೆದು ಲ್ಯಾಬಿಗೆ ಕಳಿಸುತ್ತಾರೆ. ವರ್ಷಗಟ್ಟಲೆ ಮಳೆಗೆ ನಿಂತ ಸರಳಿನ ತುಕ್ಕನ್ನು ತಂತಿ ಬ್ರಶ್ಶಿನಿಂದ ಕೆರೆದು ಉಳಿದ ದಪ್ಪ ಅಳೆಯಬೇಕು. ಬುಡದಲ್ಲಿ, ಸ್ಲ್ಯಾಬಿನಿಂದ ಹೊರಗೆ ಬರುವ ಜಾಗದಲ್ಲೇ, ಅದು ಹೆಚ್ಚು ಸವೆದಿರುತ್ತದೆ. ಇದಿಷ್ಟಕ್ಕೆ ಒಂದು ತಿಂಗಳು ಬೇಕು. ಪರವಾನಗಿ ಇದಾದ ಮೇಲೆ. ನಗರಸಭೆಗೆ ನಕ್ಷೆ ಕೊಟ್ಟು ಒಪ್ಪಿಗೆ ಪಡೆಯದೆ ಮಹಡಿ ಏರಿಸಿದರೆ ಬ್ಯಾಂಕಿನವರೂ ವಿದ್ಯುತ್ ಕಂಪನಿ ಹೆಸ್ಕಾಂನವರೂ ಬಾಗಿಲಲ್ಲೇ ನಿಲ್ಲಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಟ್ಟಡ ಪೂರ್ಣಗೊಂಡ ಪತ್ರ, ಸ್ವಾಧೀನಾನುಭವ ಪತ್ರ ನೋಡಿಯೇ ಸಾಲ, ವಿದ್ಯುತ್, ನೀರು ಕೊಡಿ ಎಂದು ಹೇಳಿದ ಮೇಲೆ, 2025ರಿಂದ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳೂ ಹೊಸ ಸಂಪರ್ಕಕ್ಕೆ ಆ ಪತ್ರ ಕೇಳತೊಡಗಿವೆ. "ಮೊದಲು ಕಟ್ಟಿ, ಆಮೇಲೆ ನೋಡಿಕೊಳ್ಳೋಣ" ಎನ್ನುವ ಕಾಲ ಹೋಯಿತು.

ಎರಡನೆಯದು, ಕೆಳಗೆ ವ್ಯಾಪಾರ, ಮೇಲೆ ಕಾಂಕ್ರೀಟು. ಇದನ್ನು ಓದುವಾಗ ನನಗೆ ಧಾರವಾಡ ನೆನಪಾಗದೆ ಇರುವುದಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ತೆರೆದಿದ್ದವು, ಮೇಲೆ ಕೆಲಸ ನಡೆದಿತ್ತು. ನಿಮ್ಮ ಕಟ್ಟಡ ಹಾಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಸಿ ಸ್ಲ್ಯಾಬಿನ ಪೂರ್ತಿ ಭಾರವನ್ನು ಸೆಂಟ್ರಿಂಗ್ ಕಂಬಗಳು ಹೊತ್ತು ನಿಮ್ಮ ಮೊದಲ ಮಹಡಿಯ ಮಾಳಿಗೆಯ ಮೇಲೆ ಇಳಿಸುತ್ತವೆ. ಆ ಮಾಳಿಗೆ ಅಂಥ ಭಾರಕ್ಕೆ ಲೆಕ್ಕ ಹಾಕಿದ್ದಲ್ಲ, ಹಾಗಾಗಿ ಅದರ ಕೆಳಗೂ ಕಂಬ ಕೊಡಬೇಕು. ಅಂದರೆ ನಿಮ್ಮ ಮೊದಲ ಮಹಡಿಯ ಸೀರೆ ಕೌಂಟರುಗಳ ನಡುವೆ ಮೂರು ಮೂರು ಅಡಿಗೆ ಕಬ್ಬಿಣದ ಜಾಕು. ಗಿರಾಕಿ ಎಲ್ಲಿ ನಿಲ್ಲುತ್ತಾರೆ?

ಈಗ ದಿನದ ಲೆಕ್ಕ. ಇದನ್ನು ಮೇ ತಿಂಗಳಿಂದ ಮುಂದಕ್ಕೆ ಎಣಿಸಬೇಡಿ, ದೀಪಾವಳಿಯಿಂದ ಹಿಂದಕ್ಕೆ ಎಣಿಸಿ. ನಿಮ್ಮ ಹಬ್ಬದ ಮಾಲು ಮಹಾನವಮಿಗೇ ಬಂದು ಬೀಳುತ್ತದೆ. ಹಾಗಾದರೆ ಬಣ್ಣ, ಲೈಟು, ಕಪಾಟು ಎಲ್ಲ ಅದಕ್ಕೂ ಮುಂಚೆ ಮುಗಿದಿರಬೇಕು. ಅದಕ್ಕಿಂತ ಹಿಂದೆ ಗಿಲಾವು ಒಣಗಲು ಬಿಡುವು ಬೇಕು, ಆ ಬಿಡುವು ನಿಮ್ಮ ಪಾಲಿಗೆ ಶ್ರಾವಣ-ಭಾದ್ರಪದದಲ್ಲಿ ಬರುತ್ತದೆ. ತೇವದ ಗಿಲಾವಿನ ಮೇಲೆ ಪುಟ್ಟಿ ಬಳಿದರೆ ದೀಪಾವಳಿಗೆ ಹೊಳೆಯುತ್ತದೆ, ಸಂಕ್ರಾಂತಿಗೆ ಸಿಪ್ಪೆ ಏಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಸ್ಲ್ಯಾಬ್. ಕಾಂಕ್ರೀಟು ಕೆಲಸದ ಮಾನಕ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ಉದ್ದದ ಸ್ಲ್ಯಾಬಿನ ಕಂಬಗಳನ್ನು 14 ದಿನ ತೆಗೆಯುವಂತಿಲ್ಲ, ಆರು ಮೀಟರ್ ದಾಟಿದ ಬೀಮಿನ ಕೆಳಗಿನವನ್ನು 21 ದಿನ. ಅದೂ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ, ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಇನ್ನಷ್ಟು ದಿನ ಬಿಡಬೇಕು. ನೀರುಣಿಸುವುದೂ 7 ದಿನಕ್ಕೆ ಬದಲು ಕನಿಷ್ಠ 10 ದಿನ. ಶೋರೂಮಿಗೆ ನಡುವೆ ಕಾಲಮ್ ಬೇಡ ಎಂದು ಉದ್ದ ಬೀಮು ಕೇಳುತ್ತೀರಿ, ಹಾಗಾಗಿ 21 ದಿನದ ಲೆಕ್ಕವೇ ನಿಮಗೆ. ಪರೀಕ್ಷೆ, ಪರವಾನಗಿ ಮುಗಿಸಿ ಈ ಲೆಕ್ಕಕ್ಕೆ ಜೋಡಿಸಿದರೆ ಸ್ಲ್ಯಾಬ್ ಹಾಕುವ ಹೊತ್ತಿಗೆ ಮಳೆಗಾಲದ ಮಧ್ಯ. ಕಾಂಟ್ರ್ಯಾಕ್ಟರ್ ಆರಾಮಾಗಿ ಆಗುತ್ತದೆ ಎನ್ನುವುದು ಪರವಾನಗಿ, ಒಣಗುವ ದಿನ, ಬಿತ್ತನೆಗೆ ಊರಿಗೆ ಹೋಗುವ ಕೂಲಿಯವರು ಇದ್ಯಾವುದನ್ನೂ ಎಣಿಸದೆ.

ಜನವರಿಗೆ ಹಿಡಿದರೆ ಸಂಕ್ರಾಂತಿ ಮುಗಿದಿರುತ್ತದೆ, ಬಿಸಿಲಿರುತ್ತದೆ. ಸ್ಲ್ಯಾಬ್ ಹಾಕಿ ಕಂಬ ತೆಗೆಯುವವರೆಗೆ ಮೊದಲ ಮಹಡಿಯನ್ನು ಪೂರ್ತಿ ಖಾಲಿ ಮಾಡಿ, ಮಾಲನ್ನು ಬಾಡಿಗೆ ಕೋಣೆಗೆ ಸಾಗಿಸಿ. ಸ್ಲ್ಯಾಬ್ ಹಾಕುವ ದಿನ ಮತ್ತು ಕಂಬ ತೆಗೆಯುವ ದಿನಗಳಲ್ಲಿ ನೆಲಮಹಡಿಗೂ ಬೀಗ. ಉಳಿದ ದಿನ ಕೆಳಗೆ ವ್ಯಾಪಾರ ಮಾಡಬಹುದೇ ಎಂಬುದನ್ನು ಎಂಜಿನಿಯರ್ ಬರೆದುಕೊಡಲಿ, ಕಾಂಟ್ರ್ಯಾಕ್ಟರ್ ಅಲ್ಲ. ಪಾಯ ತಡೆಯುವುದಿಲ್ಲ ಎಂದು ಗೊತ್ತಾದರೆ ಕಾಂಕ್ರೀಟಿನ ಬದಲು ಕಬ್ಬಿಣದ ಕಾಲಮ್ಮು, ಹಗುರ ಹೊದಿಕೆಯ ಮಹಡಿ ಆಗಬಹುದೇ ಎಂದು ಕೇಳಿ. ತೂಕ ಬಹಳ ಇಳಿಯುತ್ತದೆ, ಸೆಂಟ್ರಿಂಗ್ ಕಾಡೂ ಇರುವುದಿಲ್ಲ.

ಇನ್ನೊಂದು ನೀವು ಕೇಳದಿದ್ದದ್ದು. ಮದುವೆ ಸೀರೆಗೆ ಒಬ್ಬರು ಬರುವುದಿಲ್ಲ, ಮದುಮಗಳ ಜೊತೆ ಅವ್ವ, ಅತ್ತೆ, ಚಿಕ್ಕಮ್ಮ, ಕೂಸು, ಡ್ರೈವರ್ ಎಲ್ಲ ಬರುತ್ತಾರೆ. ಅವರೆಲ್ಲ ಎರಡನೇ ಮಹಡಿಯಲ್ಲಿ. ಪೇಟೆಯ ಹಳೆ ಅಂಗಡಿಗಳ ಮೂರು ಅಡಿ ಮೆಟ್ಟಿಲು ಅದಕ್ಕೆ ಸಾಲದು. ರಾಷ್ಟ್ರೀಯ ಕಟ್ಟಡ ಸಂಹಿತೆ ಇಂಥ ಕಟ್ಟಡಕ್ಕೆ ಒಂದೂವರೆ ಮೀಟರ್ ಅಗಲ ಕೇಳುತ್ತದೆ. ಹಿಂಬದಿಯಲ್ಲಿ ಇನ್ನೊಂದು ಮೆಟ್ಟಿಲು ಇರಲಿ, ಅದರ ಬಾಗಿಲಿಗೆ ಸ್ಟಾಕಿನ ಡಬ್ಬಿ ಒಟ್ಟಬೇಡಿ. ಬಟ್ಟೆ ಅಂಗಡಿಯಲ್ಲಿ ಬೆಂಕಿಗೆ ಬೇರೆ ಸೌದೆ ಬೇಕಿಲ್ಲ.

ಈ ವರ್ಷದ ಕೆಲಸ: ಹೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿ ಇವತ್ತೇ ಹಾಕಿ. ಏಸಿ ಒಂದಕ್ಕೆ ಒಂದೂವರೆ ಕಿಲೊವ್ಯಾಟ್ ಹಿಡಿದರೂ ಮೂರು ಮಹಡಿಗೆ ಈಗಿನ ಮೀಟರು ತಡೆಯುವುದಿಲ್ಲ, ಮೂರನೆಯದರ ಲೆಕ್ಕವನ್ನೂ ಈಗಲೇ ಸೇರಿಸಿ ಕೇಬಲ್ ಎಳೆಸಿ. ಆಮೇಲೆ ನೆಲಮಹಡಿಯನ್ನು ಅರ್ಧರ್ಧ ಮಾಡಿ, ನಡುವೆ ಪ್ಲೈವುಡ್ ಗೋಡೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್, ಸಂದಿಗೆಲ್ಲ ಟೇಪು. ಟೈಲ್ಸು ಕತ್ತರಿಸುವುದು ಹಿತ್ತಲಲ್ಲಿ, ನೀರು ಹಾಯಿಸಿ. ರೇಷ್ಮೆ ಸೀರೆಯ ಮಡಿಕೆಯೊಳಗೆ ಸಿಮೆಂಟ್ ಧೂಳು ಕೂತರೆ ಒದರಿದಷ್ಟೂ ಜರಿಯ ಮೇಲೆ ಉಜ್ಜುತ್ತದೆ, ಕಪ್ಪು ಅಂಚಿನ ಮೇಲೆ ಬೂದಿ ಗೆರೆ ಉಳಿದುಬಿಡುತ್ತದೆ. ಆ ಮಾಲನ್ನು ಯಾರಿಗೆ ಮಾರುತ್ತೀರಿ? ಇಳಿಸಿ ಬೇರೆ ಕಡೆ ಇಡುವ ಖರ್ಚನ್ನು ಕಟ್ಟಡದ ಅಂದಾಜಿನಲ್ಲೇ ಬರೆದುಕೊಳ್ಳಿ.

ಪ್ರಶ್ನೆ: ಅಣ್ಣಿಗೇರಿ ಹತ್ತಿರ ರಾಷ್ಟ್ರೀಯ ಹೆದ್ದಾರಿಗೆ ತಾಗಿ ನಮ್ಮ ಎರೆ ಹೊಲ ಇದೆ. ಅದರಲ್ಲಿ 20 ಗುಂಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಗ್ಯಾರೇಜು, ಗಾಡಿ ತೊಳೆಯುವ ರ‍್ಯಾಂಪು ಮಾಡುವ ವಿಚಾರ. ಏನೇನು ಬೇಕು?
(ರೈತ, ನವಲಗುಂದ ಕಡೆಯಿಂದ)

ಉತ್ತರ: ಅಣ್ಣಾರ, ಮೊದಲು ಎನ್ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನ ಪ್ರಕಾರ ಹೊಲವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಪರಿವರ್ತನೆ ಆದೇಶ ಬೇಕು. ವಾಣಿಜ್ಯ ಉದ್ದೇಶ ಎಂದೇ ಅರ್ಜಿಯಲ್ಲಿ ಬರೆಯಿರಿ, ವಾಸದ ಉದ್ದೇಶಕ್ಕೆ ಮಾಡಿಸಿ ಅಂಗಡಿ ಕಟ್ಟಿದರೆ ಮತ್ತೆ ಮೊದಲಿನಿಂದ ಓಡಾಟ. ಜೊತೆಗೆ ಹೆದ್ದಾರಿಯಿಂದ ಒಳಗೆ ಗಾಡಿ ತಿರುಗಿಸಲು ಹೆದ್ದಾರಿಯವರ ಒಪ್ಪಿಗೆ ಬೇರೆ.

ಆಮೇಲೆ ಟೇಪು ಹಿಡಿದು ರಸ್ತೆಯ ನಡುಗೆರೆಯಿಂದ ಅಳೆಯಿರಿ. ಊರ ಹೊರಗೆ ರಾಷ್ಟ್ರೀಯ ಹೆದ್ದಾರಿಗೆ 40 ಮೀಟರು ಬಿಟ್ಟೇ ಕಟ್ಟಡ ಕಟ್ಟಬೇಕು. ನಿಮ್ಮ 20 ಗುಂಟೆ ರಸ್ತೆಗೆ ಉದ್ದಕ್ಕಿದ್ದು ಒಳಗೆ ಆಳ ಕಡಿಮೆಯಿದ್ದರೆ ಕಟ್ಟಲು ಉಳಿಯುವ ಪಟ್ಟಿ ನೋಡಿ ಬೇಸರವಾಗಬಹುದು. ಹೊಲ ನಿಮ್ಮದೇ ಆದ್ದರಿಂದ ಎನ್ಎ ಮಾಡಿಸುವ ಮುಂಚೆಯೇ ಪಟ್ಟಿಯನ್ನು ರಸ್ತೆಗೆ ಅಡ್ಡವಾಗಿ, ಒಳಕ್ಕೆ ಉದ್ದವಾಗಿ ಕತ್ತರಿಸಿಕೊಳ್ಳಿ.

ಇನ್ನು ಎರೆ. ಏಪ್ರಿಲಿನಲ್ಲಿ ಕೈ ಹೋಗುವಷ್ಟು ಬಾಯಿ ಬಿಡುವ ನೆಲ, ಹಿಂಗಾರಿಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೂರು ಅಡಿ ಪಾಯ ಹಾಕಿ ಕಟ್ಟಿದ ಗೋಡೆ ಆ ಏರಿಳಿತದ ಜೊತೆಗೇ ಏರಿ ಇಳಿದು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಉಪಾಯ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಸುಮಾರು ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಬಿಸಿಲು-ಮಳೆಯ ಆಟ ನಿಲ್ಲುವ ಪದರಕ್ಕೆ ಕೊರೆದು, ಬುಡದಲ್ಲಿ ಎರಡೂವರೆ ಪಟ್ಟು ಅಗಲದ ಗಡ್ಡೆ ಬರುವಂತೆ ಕಾಂಕ್ರೀಟ್ ತುಂಬುವ ಪೈಲು. ಪೈಲುಗಳ ತಲೆಯ ಮೇಲೆ ಹಾಯುವ ಬೀಮು ಎರೆಗೆ ತಾಗಬಾರದು, ಕೆಳಗೆ ಮೂರು ನಾಲ್ಕು ಇಂಚು ಖಾಲಿ ಬಿಡಬೇಕು. ಮಣ್ಣು ಉಬ್ಬಿದರೆ ಆ ಖಾಲಿಯೊಳಗೆ ಉಬ್ಬಲಿ. ಗೌಂಡಿಗಳು ಆ ಸಂದಿಯನ್ನು ನೋಡಿ "ಇದೇನ್ರೀ ಬಿಟ್ಟೀರಿ" ಎಂದು ಪ್ರೀತಿಯಿಂದ ಮಣ್ಣು ತುಂಬಿ ಗಟ್ಟಿ ಮಾಡಿಬಿಡುತ್ತಾರೆ, ನಿಂತು ನೋಡಿಕೊಳ್ಳಿ.

ನಿಮ್ಮ ವಿಚಾರದಲ್ಲಿ ನನಗೆ ಹೆಚ್ಚು ಭಯವಿರುವುದು ಗಾಡಿ ತೊಳೆಯುವ ರ‍್ಯಾಂಪಿನದ್ದು. ಗ್ಯಾರೇಜಿನ ಒಂದೇ ಬದಿಗೆ ವರ್ಷವಿಡೀ ನೀರು ಇಂಗಿದರೆ ಆ ಬದಿ ಉಬ್ಬಿಯೇ ಇರುತ್ತದೆ, ಇನ್ನೊಂದು ಬದಿ ಬೇಸಿಗೆಗೆ ಕುಗ್ಗುತ್ತದೆ. ರ‍್ಯಾಂಪನ್ನು ಕಟ್ಟಡದಿಂದ ಸಾಧ್ಯವಾದಷ್ಟು ದೂರ, ಇಳಿಜಾರಿನ ಕೆಳಗೆ ಹಾಕಿ. ನೀರು ಕಾಂಕ್ರೀಟಿನ ಕಾಲುವೆಯಲ್ಲಿ, ಎಣ್ಣೆ ತಡೆಯುವ ಗುಂಡಿ ದಾಟಿ ಹೋಗಲಿ. ಗ್ಯಾರೇಜಿನ ನೆಲಕ್ಕೆ ಎರಡು ಮೂರು ಅಡಿ ಎರೆ ತೆಗೆದು ಗರಸು ತುಂಬಿ. ತೆಗೆದ ಎರೆಯನ್ನು ಮಾರಬೇಡಿ, ನಿಮ್ಮದೇ ಉಳಿದ ಹೊಲಕ್ಕೆ ಹಾಕಿಕೊಳ್ಳಿ.

ಪ್ರಶ್ನೆ: ಹೊಸ ಅಂಗಡಿ ಕಟ್ಟಲು ಸಿಮೆಂಟು, ಕಬ್ಬಿಣ, ಕಾಂಟ್ರ್ಯಾಕ್ಟರ್ ಬಿಲ್ಲು ಎಲ್ಲದಕ್ಕೂ ಜಿಎಸ್‌ಟಿ ಕೊಟ್ಟಿದ್ದೇನೆ. ವ್ಯಾಪಾರದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದೇ?
(ಹೊಸಪೇಟೆ)

ಉತ್ತರ: ಸ್ವಂತಕ್ಕೆ ಕಟ್ಟಿಸಿ ಆಸ್ತಿಯಲ್ಲಿ ತೋರಿಸುವ ಕಟ್ಟಡಕ್ಕೆ ಇಲ್ಲ. ಬಾಡಿಗೆಗೆ ಕೊಡುವ ಮಾಲ್ ಒಂದರ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಂಡಿ ತೆರೆದಿತ್ತು. 2025ರ ಹಣಕಾಸು ಕಾಯ್ದೆಯಲ್ಲಿ ಸರ್ಕಾರ ಹಿಂದಿನಿಂದಲೇ ಅನ್ವಯವಾಗುವಂತೆ ಅದನ್ನು ಮುಚ್ಚಿತು. ಯಂತ್ರ, ಜನರೇಟರ್, ಬಿಚ್ಚಿ ಒಯ್ಯಬಹುದಾದ ಕಪಾಟು ಇವುಗಳ ಬಿಲ್ಲು ಬೇರೆ ಮಾಡಿಸಿದ್ದರೆ ಲೆಕ್ಕಪರಿಶೋಧಕರಿಗೆ ತೋರಿಸಿ. ಕಾಂಟ್ರ್ಯಾಕ್ಟರ್ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ "ಅಂಗಡಿ ಕೆಲಸ" ಎಂದು ಬರೆದರೆ ಅದೂ ಹೋಯಿತು. ಹಾಗಾಗಿ ಇದು ಕೆಲಸ ಕೊಡುವ ಮೊದಲು ಮಾತಾಡಬೇಕಾದ ವಿಷಯ. ಅಂದಾಜು ಹಾಕುವಾಗ ತೆರಿಗೆ ಸೇರಿಸಿಯೇ ಹಾಕಿ. ಒಂದು ಸಮಾಧಾನ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಹಳೆ ದರದ ಕೊಟೇಶನ್ ಹಿಡಿದುಕೊಂಡಿದ್ದರೆ ಹೊಸದು ಕೇಳಿ.

ಪ್ರಶ್ನೆ: ಅಕ್ಕಾರ, ನಾವು ಸಂಘದ ಹೆಣ್ಮಕ್ಕಳು ಜ್ವಾಳದ ರೊಟ್ಟಿ ಮಾಡಿ ಮಾರ್ತೀವಿ. ಈಗ ವಿಜಯಪುರದಾಗ ಬಸ್ ಸ್ಟ್ಯಾಂಡ್ ಹತ್ರ ಒಂದು ಹಳೇ ಮಾಳಿಗಿ ಮನಿ ಬಾಡಿಗಿಗೆ ಸಿಕ್ಕೇತಿ. ಖಾನಾವಳಿ ಮಾಡಬೇಕಂತೀವಿ. ಮಾಲಕರು "ಏನ್ ಬೇಕಾದ್ರೂ ಒಡಕೋರಿ, ಕಟ್ಕೋರಿ, ನಂದೇನು ಅಡ್ಡಿ ಇಲ್ಲ" ಅಂತಾರ. ಎಷ್ಟು ರೊಕ್ಕ ಹಾಕಬಹುದು?
(ವಿಜಯಪುರದಿಂದ ಒಬ್ಬ ತಾಯಿ)

ಉತ್ತರ: ತಂಗಿ, "ನಂದೇನು ಅಡ್ಡಿ ಇಲ್ಲ" ಎಂಬ ಮಾತನ್ನು ಕಾಗದದ ಮೇಲೆ ತನ್ನಿ. 11 ತಿಂಗಳ ಕರಾರಿನ ಮೇಲೆ ಬೇರೆಯವರ ಮನೆಗೆ ಲಕ್ಷಗಟ್ಟಲೆ ಹಾಕಬೇಡಿ. ಖಾನಾವಳಿ ಚೆನ್ನಾಗಿ ನಡೆದರೆ ಹನ್ನೆರಡನೇ ತಿಂಗಳು ಬಾಡಿಗೆ ದುಪ್ಪಟ್ಟಾಗುತ್ತದೆ ಇಲ್ಲವೇ ಮಾಲಕರ ಮಗನೇ ಖಾನಾವಳಿ ಹಾಕುತ್ತಾನೆ. ಐದು ವರ್ಷದ ಲೀಸ್ ಬರೆಸಿ. ವರ್ಷ ಮೀರಿದ ಲೀಸನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಯಾವ ಗೋಡೆ ಒಡೆಯುತ್ತೀರಿ, ಏನು ಕಟ್ಟುತ್ತೀರಿ, ಬಿಟ್ಟು ಹೋಗುವಾಗ ಏನು ಒಯ್ಯುತ್ತೀರಿ ಎಂಬ ಪಟ್ಟಿ ಅದರಲ್ಲೇ ಇರಲಿ. ಕೆಲಸ ನಡೆಯುವ ಎರಡು ತಿಂಗಳು ಬಾಡಿಗೆ ಬೇಡ ಎಂದು ಕೇಳಿ, ಕೊಡುತ್ತಾರೆ.

ಮಣ್ಣಿನ ಮಾಳಿಗೆಯ ಮನೆ ಊಟಕ್ಕೆ ಕೂರಲು ಎಷ್ಟು ತಂಪೋ ಒಲೆಗೆ ಅಷ್ಟೇ ಕೇಡು. ಮೇಲೆ ಮರದ ತೊಲೆ, ಜಂತಿ, ಅದರ ಮೇಲೆ ಒಣಗಿದ ಸೊಪ್ಪು-ಸದೆ, ಮಣ್ಣು. ಅಡಿಗೆ ಮನೆಯನ್ನು ಆ ಮಾಳಿಗೆಯ ಕೆಳಗೆ ತರಬೇಡಿ. ಒಳಗೆ ಪಂಕ್ತಿ, ಹಿತ್ತಲಲ್ಲಿ ತಗಡಿನ ಎತ್ತರದ ಶೆಡ್ಡಿನ ಕೆಳಗೆ ಒಲೆ. ರೊಟ್ಟಿ ಬಡಿಯುವವರಿಗೆ ಬೆನ್ನ ಹಿಂದಿನಿಂದ ಗಾಳಿ ಬರುವಂತೆ ಕಿಟಕಿ, ಹಂಚಿನ ಮೇಲೆ ಹೊಗೆ ಹಿಡಿಯುವ ತಗಡಿನ ಚಾಚು, ಅಲ್ಲಿಂದ ಪೈಪು ಪಕ್ಕದ ಮನೆಯ ಮಾಳಿಗೆಗಿಂತ ಮೇಲೆ ಹೋಗಲಿ. ಪಕ್ಕದವರ ಒಗೆದ ಬಟ್ಟೆಗೆ ಹೊಗೆ ಹತ್ತಿದರೆ ಮೊದಲ ತಿಂಗಳಲ್ಲೇ ಪಾಲಿಕೆಗೆ ದೂರು ಹೋಗುತ್ತದೆ. ಗ್ಯಾಸ್ ಸಿಲಿಂಡರು ಹೊರಗೆ, ಜಾಳಿಗೆಯ ಕಪಾಟಿನೊಳಗೆ. ಲೈಸನ್ಸ್ ಇಲ್ಲದೆ 100 ಕಿಲೊವರೆಗೆ ಮಾತ್ರ ಗ್ಯಾಸ್ ಇಡಬಹುದು, ಅಂದರೆ 19 ಕಿಲೊದ ಐದು. ಆರನೆಯದನ್ನು ಮೂಲೆಯಲ್ಲಿ ಬಚ್ಚಿಡಬೇಡಿ.

ನೆಲಕ್ಕೆ ಹೊಳೆಯುವ ಟೈಲ್ಸು ಬೇಡವೇ ಬೇಡ. ಎಣ್ಣೆಗಾಯಿ ಬುಟ್ಟಿ ಹಿಡಿದು ಓಡಾಡುವ ಜಾಗ ಅದು. ಒರಟು ಶಾಬಾದ್ ಕಲ್ಲು ನಿಮ್ಮ ಕಡೆ ಅಗ್ಗ, ಕಾಲು ಜಾರುವುದಿಲ್ಲ. ಎಂಟು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟು ನೀರು ಒಂದೇ ಮೂಲೆಗೆ ಬರುವಂತೆ ಹಾಸಿ. ಪಾತ್ರೆ ತೊಳೆಯುವ ಜಾಗಕ್ಕೂ ಚರಂಡಿಗೂ ನಡುವೆ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ, ಕೈ ಹಾಕಿ ಬಳಿಯುವಷ್ಟು ಬಾಯಿ ಇರಲಿ. ಮೀಟರನ್ನು ಮನೆ ದರದಿಂದ ವಾಣಿಜ್ಯಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ದಂಡ ಹಾಕಿ ವಸೂಲಿ ಮಾಡುತ್ತಾರೆ.

ಎಷ್ಟು ಹಾಕಬಹುದು ಎಂದು ಕೇಳಿದ್ದೀರಿ. ಒಲೆ, ಪಾತ್ರೆ, ಬೆಂಚು, ಹೊಗೆಯ ಪೈಪು ಬಿಚ್ಚಿ ಒಯ್ಯುವಂಥವು, ಅವಕ್ಕೆ ಧೈರ್ಯವಾಗಿ ಹಾಕಿ. ನೆಲ, ಗೋಡೆ, ಚರಂಡಿ ಅಲ್ಲೇ ಉಳಿಯುವಂಥವು, ಅವುಗಳ ಖರ್ಚಿನಲ್ಲಿ ಅರ್ಧವನ್ನಾದರೂ ಬಾಡಿಗೆಯಲ್ಲಿ ಮುರಿದುಕೊಳ್ಳಲು ಮಾಲಕರನ್ನು ಒಪ್ಪಿಸಿ. ಅಡ್ವಾನ್ಸ್ ಕೊಡುವ ಮುಂಚೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎರಡು ಕೊಡ ನೀರು ಬಚ್ಚಲಿಗೆ ಸುರಿಯಿರಿ, ಅದು ಎಲ್ಲಿ ಹೋಗಿ ಬೀಳುತ್ತದೆ ನೋಡಿ. ತೆರೆದ ಗಟಾರಕ್ಕೆ ಬಿದ್ದರೆ ಒಳಚರಂಡಿ ಸಂಪರ್ಕ ಯಾರ ಖರ್ಚಿನಲ್ಲಿ ಎಂಬ ಮಾತು ಅಲ್ಲೇ, ಆಗಲೇ ಆಗಲಿ.